ಲೆಕ್ಕವೂ ಬರಹವೂ ಕೂಡಿದ ಹಬ್ಬದ ಪುಸ್ತಕ

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವು ನಮಾಝ್‌ನ ಕುರಿತಾದುದಲ್ಲ, ಉಪವಾಸದ ಕುರಿತಾದುದೂ ಅಲ್ಲ. ಅಲ್ ಬಕರ ಅಧ್ಯಾಯದ 282ನೆಯ ಆ ಸೂಕ್ತವು ಸಾಲದ ವ್ಯವಹಾರದ ಕುರಿತಾದುದು. ಅವಧಿ ಗೊತ್ತುಪಡಿಸಿ ಸಾಲ ಮಾಡಿದಾಗ ಅದನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಬಲ್ಲವನು ನಿರಾಕರಿಸಬಾರದು, ಮೊತ್ತ ಚಿಕ್ಕದೆಂದು ಬೇಸರಿಸಬಾರದು ಎಂಬುದು ಅದರ ಸಾರ. ಲೆಕ್ಕ ಮತ್ತು ಬರಹ ಎರಡನ್ನೂ ಅಲ್ಲಾಹನು ಒಂದೇ ಆದೇಶದಲ್ಲಿ ಕೂಡಿಸಿದ್ದಾನೆ. ಆದರೆ ನಮ್ಮ ಮಕ್ಕಳ ಕಲಿಕೆಯಲ್ಲಿ ಅವೆರಡೂ ಬೇರೆ ಬೇರೆ ಮನೆಗಳಾಗಿ ಉಳಿದಿವೆ.

ಮದ್ರಸದಲ್ಲಿ ಪಾಠ ಹೇಳುವವನಾಗಿ ನಾನು ಮತ್ತೆ ಮತ್ತೆ ಕಾಣುವ ಸಂಗತಿ ಇದು. ಝಕಾತ್ ಎಷ್ಟೆಂದು ಕೇಳಿದರೆ ಮಗು ಥಟ್ಟನೆ ‘ಚಾಲೀಸ್ವಾಂ ಹಿಸ್ಸಾ’ ಎನ್ನುತ್ತದೆ. ಶಾಲೆಯಲ್ಲಿ ಅದೇ ಮಗು ನಲವತ್ತನೆಯ ಒಂದು ಭಾಗವನ್ನು ಶೇಕಡಾ 2.5 ಎಂದು ಬಿಡಿಸಿ ಅಂಕ ಪಡೆಯುತ್ತದೆ. ಆದರೆ ಎರಡೂ ಒಂದೇ ಎಂಬುದು ಅದಕ್ಕೆ ಹೊಳೆದಿರುವುದಿಲ್ಲ. ಉರ್ದುವಿನಲ್ಲಿ ಕಲಿತ ಧರ್ಮ ಒಂದೆಡೆ, ಕನ್ನಡದಲ್ಲಿ ಕಲಿತ ಗಣಿತ ಇನ್ನೊಂದೆಡೆ. ಹಬ್ಬ ಬಂದಾಗಲಾದರೂ ಇವು ಸಂಧಿಸುತ್ತವೆಯೇ ಎಂದರೆ, ಹಬ್ಬದ ಚಟುವಟಿಕೆಯೆಂದು ನಾವು ಕೊಡುವುದು ಚಂದ್ರ ಮತ್ತು ಮಿನಾರದ ಚಿತ್ರಕ್ಕೆ ಬಣ್ಣ ತುಂಬುವ ಕೆಲಸ, ಇಲ್ಲವೇ ‘ನಾನು ಮೆಚ್ಚಿದ ಹಬ್ಬ’ ಎಂಬ ಹತ್ತು ಸಾಲಿನ ಪ್ರಬಂಧ. ಆ ಪ್ರಬಂಧವೂ ಹೊಸ ಬಟ್ಟೆ ಮತ್ತು ಶೀರ್ ಖುರ್ಮಾದಲ್ಲಿ ಮುಗಿದುಹೋಗುತ್ತದೆ.

ನಮ್ಮ ಪೂರ್ವಿಕರ ರೀತಿ ಹೀಗಿರಲಿಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಗ್ರಂಥದ ‘ಅಲ್ ಜಬ್ರ್’ ಎಂಬ ಪದದಿಂದಲೇ ಬೀಜಗಣಿತಕ್ಕೆ ‘ಆಲ್‌ಜೀಬ್ರಾ’ ಎಂಬ ಹೆಸರು ಬಂದಿತು. ಆ ಗ್ರಂಥದ ದೊಡ್ಡದೊಂದು ಭಾಗ ವಸಿಯ್ಯತ್ ಮತ್ತು ವಾರಸು ಹಂಚಿಕೆಯ ಲೆಕ್ಕಗಳಿಗೆ ಮೀಸಲಾಗಿದೆ. ಅದರಲ್ಲಿ ಇಂದಿನ ಸಂಕೇತಗಳು ಒಂದೂ ಇಲ್ಲ. ಸಮೀಕರಣಗಳೆಲ್ಲವೂ ಪೂರ್ಣ ವಾಕ್ಯಗಳಲ್ಲಿವೆ. ಅಂದರೆ ಅಲ್ಲಿ ಲೆಕ್ಕ ಮಾಡುವುದೆಂದರೆ ಬರೆಯುವುದೇ ಆಗಿತ್ತು. ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನದ ಕುರಿತು ಕೃತಿ ರಚಿಸಿದವರೂ ಅವರೇ.

ಈ ಪರಂಪರೆಯ ವಾರಸುದಾರರಾದ ನಾವು ರಮಝಾನ್‌ನಿಂದ ಈದ್‌ವರೆಗೆ ಪ್ರತಿಯೊಂದು ಮಗುವಿನ ಕೈಗೂ ಒಂದು ನೋಟ್‌ಬುಕ್ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಎಡ ಪುಟದಲ್ಲಿ ಲೆಕ್ಕ, ಬಲ ಪುಟದಲ್ಲಿ ಬರಹ. ನಿಯಮ ಒಂದೇ: ಎಡಗಡೆಯ ಉತ್ತರವನ್ನು ಕಂಡು ‘ಹೀಗೇಕೆ?’ ಎಂದು ಕೇಳಿಕೊಂಡು ಬಲಗಡೆ ಬರೆಯಬೇಕು.

ಮೊದಲನೆಯದು ದಿನಗಳ ಲೆಕ್ಕ. ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯ ಜಾತ್ರೆಯನ್ನು ಈ ಸೀಮೆಯ ಮಕ್ಕಳೆಲ್ಲರೂ ಬಲ್ಲರು. ಪಂಚಾಂಗದಲ್ಲಿ ಎರಡೂವರೆ, ಮೂರು ವರ್ಷಗಳಿಗೊಮ್ಮೆ ಅಧಿಕ ಮಾಸ ಸೇರುವುದರಿಂದ ಅಂತಹ ಜಾತ್ರೆಗಳು ತಮ್ಮ ಋತುವನ್ನು ಬಿಟ್ಟು ಹೋಗುವುದಿಲ್ಲ. ನಮ್ಮ ಈದ್ ಮಾತ್ರ ಜಾರುತ್ತಾ ಹೋಗುತ್ತದೆ. ಈದುಲ್ ಫಿತ್ರ್ ನಮ್ಮಲ್ಲಿ 2023ರಲ್ಲಿ ಏಪ್ರಿಲ್ 22, 2024ರಲ್ಲಿ ಏಪ್ರಿಲ್ 11, 2025ರಲ್ಲಿ ಮಾರ್ಚ್ 31ರಂದು ಬಂದಿತು. ಮಗು ನಡುವಿನ ದಿನಗಳನ್ನು ಎಣಿಸಲಿ. ಮೊದಲ ಅಂತರ 355 ದಿನ, ಎರಡನೆಯದು 354 ದಿನ. ಎರಡು ಬಾರಿಯೂ ಕ್ಯಾಲೆಂಡರಿನಲ್ಲಿ 11 ದಿನ ಹಿಂದೆ ಸರಿದಿದ್ದರೂ ಈ ಒಂದು ದಿನದ ವ್ಯತ್ಯಾಸ ಎಲ್ಲಿಂದ ಬಂದಿತು? ಅಧಿಕ ವರ್ಷದ ಫೆಬ್ರವರಿ 29 ಅಲ್ಲಿ ಅಡಗಿದೆ ಎಂಬುದನ್ನು ಮಗು ತಾನೇ ಕಂಡುಹಿಡಿಯಲಿ. 2008ರಲ್ಲಿ ಇದೇ ಹಬ್ಬ ಅಕ್ಟೋಬರ್ ಮೊದಲ ವಾರದಲ್ಲಿ ಬಂದಿತ್ತು. ಸುಮಾರು 33 ವರ್ಷಗಳಲ್ಲಿ ಅದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬಲ ಪುಟಕ್ಕಾಗಿ ಮಗು ದಾದಿಯನ್ನೋ ನಾನಿಯನ್ನೋ ಕೇಳಲಿ: ಮಳೆಗಾಲದ ಉಪವಾಸ ಹೇಗಿತ್ತು, ಬೇಸಿಗೆಯದು ಹೇಗಿತ್ತು? ಉಪವಾಸದ ಕಷ್ಟವೂ ಸುಲಭವೂ ಎಲ್ಲ ತಲೆಮಾರಿಗೆ, ಎಲ್ಲ ನಾಡಿಗೆ ಸರದಿಯಂತೆ ಹಂಚಿಕೆಯಾಗುವುದನ್ನು ಅದು ಹಿರಿಯರ ಬಾಯಿಂದಲೇ ಅರಿಯುತ್ತದೆ.

ಎರಡನೆಯದು ಫಿತ್ರ್ ಝಕಾತ್. ಪ್ರವಾದಿಯವರು(ಸ) ಇದನ್ನು ‘ಸಾಅ್’ ಎಂಬ ಅಳತೆಯಲ್ಲಿ ಗೊತ್ತುಪಡಿಸಿದರು. ನಾಲ್ಕು ‘ಮುದ್ದ್’ ಸೇರಿದರೆ ಒಂದು ಸಾಅ್. ಇದನ್ನು ಕಿಲೋಗ್ರಾಮಿಗೆ ಇಳಿಸುವಲ್ಲಿ ವಿದ್ವಾಂಸರ ನಡುವೆ ಭಿನ್ನತೆ ಇರುವುದರಿಂದ ನಿಮ್ಮ ಮಸೀದಿ ಪ್ರಕಟಿಸಿದ ಮೊತ್ತವನ್ನೇ ತೆಗೆದುಕೊಳ್ಳಿ. ತಲೆಗೆ 100 ರೂಪಾಯಿ, ಮನೆಯಲ್ಲಿ ಆರು ಮಂದಿ ಎಂದಿಟ್ಟುಕೊಂಡರೆ 600 ರೂಪಾಯಿ. ಇದು ಎರಡನೆಯ ತರಗತಿಯ ಲೆಕ್ಕ. ಆದರೆ ಆ ಆರು ಮಂದಿಯಲ್ಲಿ ತೊಟ್ಟಿಲಿನ ತಂಗಿಯೂ ಇದ್ದಾಳೆ. ಒಂದು ದಿನವೂ ಉಪವಾಸವಿರದ ಅವಳ ಹೆಸರಿನಲ್ಲಿ ಕೊಡುವುದೇಕೆ? ಅದನ್ನು ಈದ್ ನಮಾಝ್‌ಗೆ ಮುಂಚೆಯೇ ತಲುಪಿಸಬೇಕಾದುದೇಕೆ? ಇವಕ್ಕೆ ಉತ್ತರ ಬರೆಯುವ ಮಗುವಿಗೆ ಹಬ್ಬದ ದಿನ ಯಾರೂ ಹಸಿದಿರಬಾರದೆಂಬ ಧರ್ಮದ ಆಶಯ ತಾನಾಗಿಯೇ ಮನವರಿಕೆಯಾಗುತ್ತದೆ.

ಮೂರನೆಯದು ಬೆಳೆಯ ಝಕಾತ್. ಮಳೆಯಿಂದ ಬೆಳೆದುದರಲ್ಲಿ ಹತ್ತನೆಯ ಒಂದು ಭಾಗ, ದುಡಿದು ನೀರೆತ್ತಿ ಬೆಳೆದುದರಲ್ಲಿ ಇಪ್ಪತ್ತನೆಯ ಒಂದು ಭಾಗ. 20 ಕ್ವಿಂಟಲ್ ರಾಗಿಯಲ್ಲಿ ಮಳೆ ನಂಬಿದ ಹೊಲಕ್ಕೆ 2 ಕ್ವಿಂಟಲ್, ಬೋರ್‌ವೆಲ್ ನೀರಿನ ಹೊಲಕ್ಕೆ 1 ಕ್ವಿಂಟಲ್. ಬಯಲುಸೀಮೆಯ ಅಂಚಿನಲ್ಲಿರುವ ಅರಸೀಕೆರೆಯ ಮಗುವಿಗೆ ಈ ಅಂತರದ ಅರ್ಥವನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ರೈತನ ಶ್ರಮ ಮತ್ತು ಖರ್ಚು ಹೆಚ್ಚಿದಂತೆ ಅಲ್ಲಾಹನು ಅವನ ಹೊರೆಯನ್ನು ಇಳಿಸಿದ್ದಾನೆ. ಸಂಖ್ಯೆಯೊಳಗೆ ಕರುಣೆ ಇದೆ. ಬರಿಯ ಲೆಕ್ಕ ಮಾಡಿದವನಿಗೆ ಅದು ಕಾಣುವುದಿಲ್ಲ. ಬರಿಯ ಪ್ರಬಂಧ ಬರೆದವನ ಕರುಣೆಗೆ ಅಳತೆ ಇರುವುದಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ದಾನಧರ್ಮವನ್ನು ಬರೆದಿಟ್ಟರೆ ಪ್ರದರ್ಶನದ ದೋಷ ತಗಲುವುದಿಲ್ಲವೇ ಎಂದು ಹಿರಿಯರು ಕೇಳಬಹುದು. ಮನೆಯ ಖರ್ಚು ತರಗತಿಯಲ್ಲಿ ಬಯಲಾದರೆ ಬಡ ಮಗು ತಲೆ ತಗ್ಗಿಸಬೇಕಾದೀತೆಂಬುದು ಇನ್ನೂ ಗಂಭೀರವಾದ ಮಾತು. ಎರಡೂ ನ್ಯಾಯವಾದವೇ. ಆದ್ದರಿಂದ ಆದಾಯ, ಆಭರಣ ಮತ್ತು ಬಟ್ಟೆಯ ಲೆಕ್ಕಗಳಿಗೆ ಕಲ್ಪಿತ ಕುಟುಂಬವನ್ನೇ ಬಳಸಬೇಕು. ಯಾರ ನೋಟ್‌ಬುಕ್ಕನ್ನೂ ಗಟ್ಟಿಯಾಗಿ ಓದಿಸಬಾರದು, ಬಹುಮಾನವನ್ನೂ ಇಡಬಾರದು. ಎಲ್ಲ ಧರ್ಮದ ಮಕ್ಕಳು ಕೂಡಿ ಕುಳಿತ ಶಾಲೆಯಲ್ಲಾದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಹಬ್ಬವನ್ನು ಬರೆಯಲಿ. ಒಬ್ಬನು ಈದ್‌ನ ದಿನಗಳನ್ನು ಎಣಿಸುವಾಗ ಪಕ್ಕದವನು ಮಾಲೇಕಲ್ಲಿನ ಜಾತ್ರೆಯ ಅಂಗಡಿ ಲೆಕ್ಕ ಬರೆಯುತ್ತಿದ್ದರೆ, ಅಧಿಕ ಮಾಸವನ್ನು ಪರಸ್ಪರ ವಿವರಿಸುವಾಗ ಅವರಿಬ್ಬರೂ ನೆರೆಹೊರೆಯವರಾಗಿಯೇ ಬೆಳೆಯುತ್ತಾರೆ. ನಮ್ಮ ಸರಕಾರಿ ಶಾಲೆಗಳು ನಡೆಸುವ ಮಕ್ಕಳ ಸಂತೆಗೆ ಇದು ಹತ್ತಿರದ ಸಂಬಂಧಿ.

ಇಷ್ಟೆಲ್ಲಾ ಏತಕ್ಕೆಂದರೆ, ಈ ಮಕ್ಕಳು ಮುಂದೆ ದೊಡ್ಡವರಾಗಿ ಕೊಳ್ಳುವವರು, ಮಾರುವವರು, ವಾರಸು ಹಂಚುವವರು ಆಗುತ್ತಾರೆ. ನಮ್ಮ ಕುಟುಂಬಗಳಲ್ಲಿ ಅಣ್ಣತಮ್ಮಂದಿರನ್ನು ದೂರ ಮಾಡಿದ ಜಗಳಗಳು ಹೆಚ್ಚಾಗಿ ಬರೆಯದೆ ಬಿಟ್ಟ ಸಾಲದಿಂದಲೇ ಹುಟ್ಟಿವೆ. ‘ನಮ್ಮೊಳಗೆ ಲೆಕ್ಕವೇಕೆ’ ಎಂಬ ಸವಿಮಾತಿನಲ್ಲಿ ಎಷ್ಟೋ ಸಹೋದರಿಯರ ಪಾಲು ಕರಗಿಹೋಗಿದೆ. ಒಬ್ಬನು ಮಡದಿ, ಒಬ್ಬ ಮಗ, ಒಬ್ಬ ಮಗಳನ್ನು ಬಿಟ್ಟು ತೀರಿಹೋದನೆಂದು ಭಾವಿಸಿ. ಸಾಲ, ವಸಿಯ್ಯತ್‌ಗಳನ್ನು ತೀರಿಸಿ 24,000 ರೂಪಾಯಿ ಉಳಿದರೆ, ಎಂಟನೆಯ ಒಂದು ಭಾಗವಾದ 3,000 ಮಡದಿಗೆ, 14,000 ಮಗನಿಗೆ, 7,000 ಮಗಳಿಗೆ ಸಲ್ಲಬೇಕು. ಏಳನೆಯ ತರಗತಿಯ ಬಾಲಕಿ ಬಿಡಿಸಬಲ್ಲ ಲೆಕ್ಕವಿದು. ಇದನ್ನು ತನ್ನ ಕೈಯಾರೆ ಬಿಡಿಸಿ, ತನ್ನ ಭಾಷೆಯಲ್ಲಿ ಬರೆದ ಬಾಲಕಿಯ ಪಾಲನ್ನು ಮುಂದೆ ಯಾರೂ ಸುಲಭವಾಗಿ ನುಂಗಲಾರರು. ಬರೆದು ಬೆಳೆದ ಅವಳ ಸಹೋದರನಿಗೂ ನುಂಗಲು ಮನಸ್ಸು ಬಾರದು.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೆ. ಬರುವ ರಮಝಾನ್‌ನಲ್ಲಿ ಮಕ್ಕಳಿಗೆ ಹೊಸ ಬಟ್ಟೆಯ ಜೊತೆಗೆ ನೂರು ಪುಟದ ಒಂದು ನೋಟ್‌ಬುಕ್ ತನ್ನಿರಿ. ಇಫ್ತಾರ್‌ನ ಬಳಿಕ ಹತ್ತು ನಿಮಿಷ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಒಂದಿಷ್ಟೂ ಬಿಡದೆ ಎಲ್ಲವೂ ದಾಖಲಾಗಿರುವ ಗ್ರಂಥವೊಂದು ನಾಳೆ ನಮ್ಮೆಲ್ಲರ ಮುಂದೆ ತೆರೆಯಲಿದೆ ಎಂದು ನಂಬುವವರು ನಾವು. ನಮ್ಮ ಮಕ್ಕಳು ಪ್ರಾಮಾಣಿಕವಾಗಿ ಲೆಕ್ಕ ಇಡುವವರೂ ನ್ಯಾಯವಾಗಿ ಬರೆಯುವವರೂ ಆಗುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.