ಗೆದ್ದಲಿಗೂ ಒಂದು ಬೂಷ್ಟು

ಹಳಸಿದ ರೊಟ್ಟಿಯ ಮೇಲೆ ಬೂಷ್ಟು ಬೆಳೆಯುವುದನ್ನು ನೋಡಿದ್ದೀರಿ. ಜೀವಂತ ಕೀಟವನ್ನೇ ಕೊಲ್ಲುವ ಬೂಷ್ಟೂ ಉಂಟು. ಅದರ ಹೆಸರು ಮೆಟರೈಜಿಯಂ. ಗೋಧಿ ತಿನ್ನುವ ದುಂಬಿಗಳ ವಿರುದ್ಧ ಇದನ್ನು ಬಳಸಬಹುದೆಂದು ಒಡೆಸ್ಸಾದಲ್ಲಿ ಇಲ್ಯಾ ಮೆಚ್ನಿಕಾಫ್ 1879ರಲ್ಲೇ ಸೂಚಿಸಿದ್ದ.

ಗೆದ್ದಲಿಗೂ ಇದು ಮಾರಕ. ಬೀಜಕಣ ಮೈಗೆ ಅಂಟಿ, ಮೊಳೆತು, ಹೊರಕವಚ ಕೊರೆದು ಒಳಸೇರುತ್ತದೆ; ಕೆಲವೇ ದಿನಗಳಲ್ಲಿ ಗೆದ್ದಲು ಸಾಯುತ್ತದೆ. ಹಾಗಿದ್ದರೆ ವಿಷದ ಔಷಧಿ ಸುರಿಯುವುದೇಕೆ?

ಪ್ರಯೋಗಾಲಯದ ತಟ್ಟೆಯಲ್ಲಿ ಸಿಕ್ಕ ಗೆಲುವು ಹುತ್ತದಲ್ಲಿ ಸುಲಭವಾಗಿ ಸಿಗುವುದಿಲ್ಲ. ಗೆದ್ದಲುಗಳು ಒಂದನ್ನೊಂದು ನೆಕ್ಕಿ ಬೀಜಕಣಗಳನ್ನು ತೆಗೆಯುತ್ತವೆ, ಸತ್ತವನ್ನು ಹೂಳುತ್ತವೆ, ಬೂಷ್ಟಿನ ವಾಸನೆ ಬಂದರೆ ಆ ದಾರಿಯನ್ನೇ ಬಿಡುತ್ತವೆ. ಅವು ಬೆದರದಂಥ ತಳಿಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಬಾಗಿಲ ಚೌಕಟ್ಟನ್ನೂ ಪುಸ್ತಕದ ಕಪಾಟನ್ನೂ ವಿಷವಿಲ್ಲದೆ ಉಳಿಸಬೇಕಾದರೆ, ಮೊದಲು ಈ ಕೀಟಗಳ ಶುಚಿತ್ವವನ್ನು ಗೆಲ್ಲಬೇಕು.