ಪಹಣಿ ಓದಲು ಬಾರದ ವೀಸಾ

ಸಿರುಗುಪ್ಪದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರಿಗೆ ಕಾಲುವೆ ಕೆಳಗೆ ಹನ್ನೆರಡು ಎಕರೆ ಗದ್ದೆಯಿದೆ. ಮಗಳು, ಅಳಿಯ ಯುರೋಪಿನಲ್ಲಿ. ಮಗಳ ಬಾಣಂತನಕ್ಕೆಂದು ಗಂಡ ಹೆಂಡತಿ ಇಬ್ಬರೂ ಹೊರಟರು. ವೀಸಾಕ್ಕೆ ಬೆರಳಚ್ಚು ಕೊಡಲು ಬಳ್ಳಾರಿಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದರು. ನಾಟಿ, ಕಳೆ ಅಂತ ನಲವತ್ತು ವರ್ಷ ಕೆಸರಲ್ಲಿ ಸವೆದ ಆ ತಾಯಿಯ ಹೆಬ್ಬೆರಳು ಯಂತ್ರಕ್ಕೆ ಸಿಕ್ಕಿದ್ದು ನಾಲ್ಕನೇ ಸಲಕ್ಕೆ. ಕೆಲ ದಿನಗಳಲ್ಲಿ ಪಾಸ್‌ಪೋರ್ಟ್ ವಾಪಸ್ ಬಂತು, ಜೊತೆಗೊಂದು ಹಾಳೆ. ಖರ್ಚಿಗೆ ಹಣವಿದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ, ತಿರುಗಿ ಹೋಗುತ್ತಾರೆಂಬ ನಂಬಿಕೆಯೂ ಇಲ್ಲ ಎಂದಿತ್ತು.

"ಅಲ್ಲಪ್ಪಾ, ಗದ್ದೆ ಬಿಟ್ಟು ಅಲ್ಲಿದ್ದು ನಾನೇನು ಮಾಡ್ಲಿ?" ಎಂದು ಆ ಹಿರಿಯರು ಕೇಳಿದಾಗ ನನಗೆ ಬಂದದ್ದು ಸಿಟ್ಟು. ಅದಿನ್ನೂ ಇಳಿದಿಲ್ಲ.

ಕೃಷಿ ಆದಾಯಕ್ಕೆ ನಮ್ಮಲ್ಲಿ ತೆರಿಗೆಯಿಲ್ಲ. ಹಾಗಾಗಿ ಬೇಸಾಯವನ್ನೇ ನಂಬಿದವರು ಐಟಿ ರಿಟರ್ನ್ಸ್ ಹಾಕುವುದು ಅಪರೂಪ. ವೀಸಾಕ್ಕೆ ಕೇಳುವುದು ಅದನ್ನೇ, ಅದರ ಜೊತೆಗೆ ಕೆಲವು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಸಂಬಳದವರ ಖಾತೆಗೆ ತಿಂಗಳು ತಿಂಗಳು ದುಡ್ಡು ಬೀಳುತ್ತದೆ. ಸೋನಾ ಮಸೂರಿ ಬೆಳೆಯುವವರಿಗೆ ಭತ್ತ ತೂಗಿದಾಗ ಒಮ್ಮೆ ಬರುತ್ತದೆ. ಬಂದ ವಾರದಲ್ಲೇ ಗೊಬ್ಬರದಂಗಡಿ ಬಾಕಿ, ಸೊಸೈಟಿ ಸಾಲ, ಕಟಾವು ಯಂತ್ರದ ಬಾಡಿಗೆ ಅಂತ ಹಂಚಿಹೋಗುತ್ತದೆ. ಬೇಸಿಗೆಯಲ್ಲಿ ಆ ಖಾತೆ ತೆರೆದು ನೋಡಿದವರಿಗೆ ಬಡವನೊಬ್ಬ ಕಾಣುತ್ತಾನೆ. ಗದ್ದೆ ಕಾಣುವುದಿಲ್ಲ. ಕುರುಗೋಡಿನ ರೈತರ ಕಥೆಯೂ ಇದೇ, ಬಳ್ಳಾರಿಯಲ್ಲಿ ಮನೆಯಲ್ಲೇ ನಾಲ್ಕು ಮಿಷಿನ್ ಹಾಕಿಕೊಂಡು ಜೀನ್ಸ್ ಹೊಲಿಯುವವರ ಪಾಡೂ ಇದೇ.

ನಮಗೆ ಇಷ್ಟು ಬಿಗಿ. ಅದೇ ಅಮೆರಿಕದವರಿಗೆ ಯುರೋಪಿನ ಷೆಂಗೆನ್ ವಲಯದ 29 ದೇಶಗಳಲ್ಲಿ 180 ದಿನಕ್ಕೆ 90 ದಿನದವರೆಗೆ ವೀಸಾವೇ ಬೇಡ. ಇನ್ನೂ ಇರಬೇಕೆನ್ನುವವರಿಗೆ ಪೋರ್ಚುಗಲ್‌ನ ಡಿ7 ವೀಸಾದಂಥ ದಾರಿಗಳಿವೆ. ಪಿಂಚಣಿ, ಬಾಡಿಗೆಯಂಥ ಆದಾಯವೇ ಡಿ7ಗೆ ಆಧಾರ. ಕಾನೂನಿನ ಪ್ರಕಾರ ಆ ಬಾಗಿಲು ನಮಗೂ ತೆರೆದಿದೆ, ನಿಜ. ಆದರೆ ಸಂಬಳದ ಚೀಟಿಯಿಲ್ಲದೆಯೂ ಮನುಷ್ಯ ಉಳ್ಳವನಾಗಿರಬಹುದು ಎಂಬುದು ಯುರೋಪಿಗೆ ಗೊತ್ತಿದೆ ಅಂತಾಯಿತಲ್ಲ. ಅಮೆರಿಕದ ನಿವೃತ್ತರ ಬಾಡಿಗೆ ಚೀಟಿಗೆ ಇರುವ ಬೆಲೆ ನಮ್ಮ ಪಹಣಿಗೆ, ಎಪಿಎಂಸಿ ಪಟ್ಟಿಗೆ ಏಕಿಲ್ಲ?

ಬಂದವರು ಅಲ್ಲೇ ಉಳಿದುಬಿಡುತ್ತಾರೆ, ಅದಕ್ಕೇ ಬಿಗಿ ಎನ್ನುತ್ತಾರೆ. ಉಳಿಯುವವರಿದ್ದಾರೆ, ಒಪ್ಪುತ್ತೇನೆ. ಆದರೆ ತಿರುಗಿ ಬರುತ್ತಾನೆ ಎನ್ನಲು ಹನ್ನೆರಡು ಎಕರೆ ನೀರಾವರಿಗಿಂತ ದೊಡ್ಡ ಜಾಮೀನು ಯಾವುದು? 2024ರಲ್ಲಿ ಭಾರತದಿಂದ ಹೋದ ಷೆಂಗೆನ್ ಅರ್ಜಿಗಳು 11 ಲಕ್ಷಕ್ಕೂ ಹೆಚ್ಚು. ತಿರಸ್ಕಾರವಾದದ್ದು ಸುಮಾರು 1.65 ಲಕ್ಷ. ಆ ವರ್ಷದ ಜೂನ್‌ನಲ್ಲಿ ಶುಲ್ಕ 80ರಿಂದ 90 ಯೂರೊಗೆ ಏರಿತು. ವೀಸಾ ಕೊಡದಿದ್ದರೂ ಅದು ವಾಪಸ್ ಬರುವುದಿಲ್ಲ. ಜರ್ಮನಿಯಂತೂ 2025ರ ಜುಲೈ 1ರಿಂದ ಮರುಪರಿಶೀಲನೆಯ ಮನವಿಯನ್ನೇ ನಿಲ್ಲಿಸಿತು. ಇನ್ನು ಹೊಸದಾಗಿ ದುಡ್ಡು ಕಟ್ಟಿ ಅರ್ಜಿ ಹಾಕಬೇಕು, ಇಲ್ಲವೇ ಅಲ್ಲಿನ ಕೋರ್ಟಿಗೆ ಹೋಗಬೇಕು. ಸಿರುಗುಪ್ಪದ ರೈತ ಬರ್ಲಿನ್‌ನಲ್ಲಿ ವಕೀಲರನ್ನು ಹಿಡಿಯಬೇಕೇ?

ನಮ್ಮ ಸರ್ಕಾರಗಳ ತಪ್ಪೂ ಕಡಿಮೆಯಿಲ್ಲ. ಪಹಣಿ ಬರುವುದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ಮಾಡಿಸಿ, ನೋಟರಿ ಮಾಡಿಸಿ ಕೊಟ್ಟರೂ ಅಲ್ಲಿ ಕೂತವರಿಗೆ ಎಕರೆ, ಗುಂಟೆ ತಿಳಿಯಬೇಕು. ಕಂದಾಯ ಇಲಾಖೆ ಮನಸ್ಸು ಮಾಡಿದರೆ ನಾಡಕಚೇರಿಯಲ್ಲೇ ಡಿಜಿಟಲ್ ಸಹಿಯ ಇಂಗ್ಲಿಷ್ ಪಹಣಿ ಕೊಡಬಹುದು, ಜೊತೆಗೆ ಕೃಷಿ ಆದಾಯದ ಪ್ರಮಾಣಪತ್ರವನ್ನೂ. ಯುರೋಪಿನ ಜೊತೆ ವ್ಯಾಪಾರದ ಮಾತಿಗೆ ಕೂರುವ ಕೇಂದ್ರ ಸರ್ಕಾರ ಈ ಕಾಗದಗಳನ್ನು ಆದಾಯದ ಪುರಾವೆಯೆಂದು ಒಪ್ಪಿಸಬೇಕು, ವರ್ಷಕ್ಕೆ ನಾಲ್ಕು ದಿನವಾದರೂ ಬಳ್ಳಾರಿಯಲ್ಲಿ ಬೆರಳಚ್ಚು ತೆಗೆದುಕೊಳ್ಳುವ ವ್ಯವಸ್ಥೆ ಕೇಳಬೇಕು. ಹಳ್ಳಿ ಮುದುಕರಿಗೆ ಫಾರಿನ್ ಯಾಕೆ ಎಂದು ನಮ್ಮವರೇ ಕೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. ಹೆತ್ತ ಮಗಳ ಎಣ್ಣೆನೀರಿಗೆ ಹೋಗುವುದು ಯಾವ ಶೋಕಿ?

ಮೊಮ್ಮಗಳಿಗೆ ಈಗ ಏಳು ತಿಂಗಳು. ಮೊದಲು ಹೊಲಿದಿಟ್ಟ ಕುಲಾವಿ ಚಿಕ್ಕದಾಗಿರುತ್ತದೆಂದು ಆ ತಾಯಿ ಇನ್ನೊಂದು ಹೊಲಿಯುತ್ತಿದ್ದಾರೆ. ಭತ್ತ ಮಾರಿದ ದುಡ್ಡು ಖಾತೆಯಲ್ಲಿರುವಾಗಲೇ ಮತ್ತೆ ಅರ್ಜಿ ಹಾಕುತ್ತಾರಂತೆ.