ಹೂಳಿಟ್ಟುದರ ಕಾವಲು

ಲೋಕಾಪುರ, ಮುಧೋಳ, ಜಮಖಂಡಿಗಳ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದಡಿಯ ಈ ಕಣಜದ ಬಾಯಿ ತೆರೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಪ್ರಾಣಕ್ಕೆ ಮುಳುವಾದೀತೆಂಬುದು ಎಲ್ಲರಿಗೂ ತಿಳಿದಿತ್ತು. ಹಗೇವು ಎಲ್ಲಿದೆ, ಅದರಲ್ಲಿ ಏನಿದೆ ಎಂಬುದು ಇಟ್ಟವನಿಗೂ ಗೊತ್ತು, ನೆರೆಯವನಿಗೂ ಗೊತ್ತು. ಉಣ್ಣುವ ಕಾಳಿಗೇ ಇಷ್ಟು ಎಚ್ಚರ ಬೇಕಾದರೆ, ಸಾವಿರಾರು ವರ್ಷ ಅಪಾಯಕರವಾಗಿಯೇ ಉಳಿಯುವ ವಸ್ತುವನ್ನು ಹೂಳುವಾಗ ಎಷ್ಟು ಬೇಕು?

ಅಂಥ ವಸ್ತು ನಮ್ಮ ನಾಡಿನಲ್ಲಿಯೇ ಉತ್ಪತ್ತಿಯಾಗುತ್ತಿದೆ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳಿ ನದಿಯ ದಡದಲ್ಲಿ, ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಮೊದಲ ಎರಡು 2000ನೆಯ ಇಸವಿಯಲ್ಲಿ ವಾಣಿಜ್ಯೋತ್ಪಾದನೆ ಆರಂಭಿಸಿದವು. ಶಕ್ತಿಯನ್ನು ಕೊಟ್ಟು ಹೊರಬಂದ ಇಂಧನವು ಅನಂತರವೂ ಶಾಖವನ್ನೂ ವಿಕಿರಣವನ್ನೂ ಸೂಸುತ್ತದೆ. ಅದನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ತಣಿಸಬೇಕು. ನಮ್ಮ ದೇಶದಲ್ಲಿ ಅದನ್ನು ಸಂಸ್ಕರಿಸಿ, ಮರಳಿ ಉಪಯೋಗಕ್ಕೆ ಬರುವ ಅಂಶವನ್ನು ಬೇರ್ಪಡಿಸಿ, ಉಳಿದ ಉಗ್ರ ತ್ಯಾಜ್ಯವನ್ನು ಕರಗಿದ ಗಾಜಿನಲ್ಲಿ ಬೆರೆಸಿ ಉಕ್ಕಿನ ಪಾತ್ರೆಗಳಲ್ಲಿ ಬಂಧಿಸುತ್ತಾರೆ. ಇದರಿಂದ ತ್ಯಾಜ್ಯದ ಗಾತ್ರ ಬಹಳ ತಗ್ಗುತ್ತದೆ. ನಮ್ಮ ವಿಜ್ಞಾನಿಗಳ ಈ ಸಾಧನೆ ಮೆಚ್ಚತಕ್ಕದ್ದು. ಆದರೆ ಕಾಲವನ್ನು ತಗ್ಗಿಸುವುದು ಅಷ್ಟು ಸುಲಭವಲ್ಲ. ಇಂಧನದಲ್ಲಿ ಹುಟ್ಟುವ ಪ್ಲುಟೋನಿಯಂ 239 ಅರ್ಧದಷ್ಟು ಕ್ಷಯಿಸಲು ಸುಮಾರು 24,000 ವರ್ಷ ಬೇಕು. ಬಾದಾಮಿಯ ಚಾಲುಕ್ಯರು ನಮಗಿಂತ 1,500 ವರ್ಷಗಳಷ್ಟೇ ಹಿಂದಿನವರು. ಅವರು ಕಲ್ಲಿನಲ್ಲಿ ಕೊರೆಸಿದ ಅಕ್ಷರಗಳನ್ನು ಓದಲು ಇಂದು ಪಂಡಿತರೇ ಬೇಕು. ‘ಇಲ್ಲಿ ಅಗೆಯಬೇಡಿ’ ಎಂಬುದನ್ನು ನಾವು ಯಾವ ಲಿಪಿಯಲ್ಲಿ ಬರೆದಿಟ್ಟರೆ ಅಷ್ಟು ದೂರದವರಿಗೆ ತಿಳಿದೀತು?

ಆದುದರಿಂದಲೇ ಉಗ್ರ ತ್ಯಾಜ್ಯವನ್ನು ಕೊನೆಗೆ ಆಳವಾದ ಬಂಡೆಯಲ್ಲಿ ಹುದುಗಿಸಬೇಕೆಂದು ತಜ್ಞರು ಹೇಳುತ್ತಾರೆ. ಬಂಡೆಯು ಶಾಖವನ್ನು ಹೇಗೆ ತಾಳುವುದೆಂಬುದನ್ನು 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, ಸುಮಾರು 1,000 ಮೀಟರ್ ಆಳದಲ್ಲಿ, ಪರೀಕ್ಷಿಸಿದ್ದರು. ಆ ಗಣಿ 2001ರಲ್ಲಿ ಮುಚ್ಚಿತು. 2012ರ ನವೆಂಬರಿನಲ್ಲಿ, ತಮಿಳುನಾಡಿನ ಕೂಡಂಕುಳಂ ಸ್ಥಾವರದ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದ್ದಾಗ, ಅದರ ತ್ಯಾಜ್ಯಕ್ಕೆ ಕೋಲಾರದ ಗಣಿಯೇ ನೆಲೆಯಾಗಬಹುದೆಂಬ ಮಾತು ಹೊರಬಿದ್ದಿತು. ಜನರು ಬೀದಿಗಿಳಿದರು. ಅಂಥ ಯೋಜನೆಯಿಲ್ಲವೆಂದು ಬಳಿಕ ಸರಕಾರದ ಕಡೆಯಿಂದ ಸಮಜಾಯಿಷಿ ಬಂದಿತು. ಆ ಜನರನ್ನು ವಿಜ್ಞಾನವರಿಯದವರೆಂದು ಹಳಿಯಲು ನಾನು ಸಿದ್ಧನಿಲ್ಲ. ನೂರು ವರ್ಷಗಳಿಗೂ ಮಿಗಿಲಾಗಿ ಚಿನ್ನವನ್ನು ಅಗೆದುಕೊಟ್ಟು, ಸೈನೈಡ್ ದಿಬ್ಬಗಳ ಧೂಳನ್ನಷ್ಟೇ ತಮಗೆ ಉಳಿಸಿಕೊಂಡವರು ಅವರು. ತಮ್ಮ ಕಾಲಡಿಯ ಸಂಗತಿ ಅವರಿಗೆ ಪತ್ರಿಕೆಗಳಿಂದ ತಿಳಿಯಬೇಕಾದುದೇ ತಪ್ಪು.

ಇನ್ನು ಹಣದ ಮಾತು. ಅಮೆರಿಕವು ನೆವಾಡ ಪ್ರಾಂತದ ಯಕ್ಕಾ ಪರ್ವತದಲ್ಲಿ ಸುಮಾರು 1,500 ಕೋಟಿ ಡಾಲರ್ ವೆಚ್ಚಮಾಡಿತು. ಆ ಪ್ರಾಂತದ ಒಪ್ಪಿಗೆ ಮಾತ್ರ ದೊರೆಯಲಿಲ್ಲ, 2010ರ ಸುಮಾರಿಗೆ ಕೆಲಸ ನಿಂತಿತು. ಫಿನ್ಲೆಂಡಿನವರು ಮೊದಲು ಸ್ಥಳೀಯ ಪುರಸಭೆಯ ಒಪ್ಪಿಗೆ ಪಡೆದು, ಆಮೇಲೆ 400 ಮೀಟರಿಗೂ ಹೆಚ್ಚಿನ ಆಳಕ್ಕೆ ಸುರಂಗ ಕೊರೆದರು. ಅದರ ವೆಚ್ಚಕ್ಕಾಗಿ ವಿದ್ಯುತ್ ಕಂಪನಿಗಳಿಂದ ದಶಕಗಳ ಕಾಲ ನಿಧಿ ಕೂಡಿಸಿದ್ದರು. ನಮ್ಮಲ್ಲಿಯೂ ಸ್ಥಾವರವನ್ನು ಕೊನೆಗೆ ಕಳಚುವ ವೆಚ್ಚಕ್ಕೆಂದು ಯೂನಿಟ್ಟಿಗೆ 2 ಪೈಸೆ ತೆಗೆದಿರಿಸುವ ಕ್ರಮ ಹಲವು ದಶಕಗಳ ಹಿಂದೆಯೇ ಬಂದಿತು. ಸ್ಥಾವರವನ್ನು ಕಳಚುವ ಕೆಲಸಕ್ಕೆ ಒಂದು ಕೊನೆಯುಂಟು, ತ್ಯಾಜ್ಯದ ಕಾವಲಿಗೆ ಅದಿಲ್ಲ. ದೀಪ ಉರಿಸಿದವರು ನಾವು. ಎಣ್ಣೆಯ ಸಾಲವನ್ನು ಮೊಮ್ಮಕ್ಕಳ ಹೆಸರಿಗೆ ಬರೆದಿಡುವುದು ನ್ಯಾಯವಲ್ಲ.

ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ 2017ರಲ್ಲಿ ಸರಕಾರ ಒಪ್ಪಿಗೆ ನೀಡಿದೆ. ಅವುಗಳ ತ್ಯಾಜ್ಯ ಕಟ್ಟಕಡೆಗೆ ಯಾವ ನೆಲವನ್ನು ಸೇರುವುದು, ಅದರ ಕಾವಲಿಗೆ ಎಷ್ಟು ಹಣ ತಗಲುವುದು, ಅದರಲ್ಲಿ ಎಷ್ಟು ಭಾಗ ಇಂದಿನ ವಿದ್ಯುತ್ತಿನ ಬೆಲೆಯಲ್ಲಿ ಸೇರಿದೆ ಎಂಬ ಲೆಕ್ಕವನ್ನು ಆ ಘಟಕಗಳು ನಡೆಯತೊಡಗುವ ಮೊದಲೇ ಜನರ ಮುಂದೆ, ಅವರಿಗೆ ತಿಳಿಯುವ ಕನ್ನಡದಲ್ಲಿ, ಇಡತಕ್ಕದ್ದು.